ಹೊಲದಡಿಯ ಹಡಗು

ನಾರ್ವೆ ದೇಶದ ಹಾಲ್ಡೆನ್ ಪಟ್ಟಣದ ಸಮೀಪದಲ್ಲಿ ಯೆಲ್ಲೆಸ್ತಾದ್ ಎಂಬ ಊರಿದೆ. ಅಲ್ಲಿನ ಹೊಲವೊಂದರಡಿಯಲ್ಲಿ ಸುಮಾರು 20 ಮೀಟರ್ ಉದ್ದದ ವೈಕಿಂಗರ ಹಡಗು ಹೂತಿರುವುದು 2018ರಲ್ಲಿ ತಿಳಿದುಬಂದಿತು. ಅದಕ್ಕಾಗಿ ಗುದ್ದಲಿಯ ಒಂದು ಏಟನ್ನೂ ಹಾಕಿರಲಿಲ್ಲ. ಇದು ಮುಳುಗಿದ ಹಡಗಲ್ಲ, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಮಾಧಿಗೆಂದು ಮಣ್ಣಿನಲ್ಲಿರಿಸಿದುದು. ಮೇಲಿದ್ದ ದಿಬ್ಬವನ್ನು ನೇಗಿಲು ಎಂದೋ ಅಳಿಸಿಹಾಕಿತ್ತು.

ಇದನ್ನು ಕಂಡುಹಿಡಿದುದು ನೆಲದೊಳಕ್ಕೆ ರೇಡಿಯೋ ಅಲೆಗಳನ್ನು ಕಳುಹಿಸುವ ರೇಡಾರ್. ಮಣ್ಣಿನಲ್ಲಿ ಈ ಅಲೆಯು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಸುಮಾರು 10 ಸೆಂಟಿಮೀಟರ್ ಸಾಗುತ್ತದೆ. ಅರ್ಧ ಮೀಟರ್ ಆಳಕ್ಕಿಳಿದು ಮರಳಲು ಅಂತಹ ಹತ್ತು ಭಾಗಗಳೇ ಸಾಕು! ಆದರೆ ರೇಡಾರು ಮರವನ್ನು ಮರವೆಂದು ಗುರುತಿಸಲಾರದು. ಮಣ್ಣಿನ ಗುಣವು ಎಲ್ಲಿ ಬದಲಾಗುವುದೋ ಅಲ್ಲಿಂದ ಅಲೆಯು ಪ್ರತಿಫಲಿಸುತ್ತದೆ, ಅಷ್ಟೆ. ಯಂತ್ರವನ್ನು ಸಾಲುಸಾಲಾಗಿ ಓಡಿಸಿ, ಪ್ರತಿಫಲನಗಳನ್ನು ನಕ್ಷೆಯಲ್ಲಿ ಜೋಡಿಸಿದಾಗ ಹಡಗಿನ ಆಕಾರ ಮೂಡಿತು.

ರೇಡಾರನ್ನು ಡ್ರೋನಿಗೆ ಕಟ್ಟಿ ಹಾರಿಸಬಾರದೇಕೆ ಎಂದು ಓದುಗರು ಕೇಳಬಹುದು. ಹಾರಿಸುವುದುಂಟು, ಕಾಲಿಡಲಾಗದ ಜೌಗಿನಲ್ಲಿ ಅದೇ ದಾರಿ. ಆದರೆ ಅಲೆಯ ಒಂದು ಪಾಲು ನೆಲದ ಮೇಲ್ಮೈಯಿಂದಲೇ ಹಿಂದಿರುಗುವುದರಿಂದ ಡ್ರೋನು ನೆಲಕ್ಕೆ ತೀರ ಹತ್ತಿರದಲ್ಲಿ ಹಾರಬೇಕು. ಉಪ್ಪುನೀರಿನಿಂದ ನೆನೆದ ಕಡಲತೀರದಲ್ಲಂತೂ ಅಲೆಗಳು ಬೇಗನೆ ಹೀರಿಹೋಗುತ್ತವೆ. ಅಲ್ಲಿ ಹೂತ ಹಡಗನ್ನು ಅರಸುವವರಿಗೆ, ಲಂಗರಿನಂತಹ ಕಬ್ಬಿಣದ ಸುಳಿವು ಕೊಡುವ ಕಾಂತಮಾಪಕವೇ ಹೆಚ್ಚು ನೆರವಾಗುತ್ತದೆ.

ಯೆಲ್ಲೆಸ್ತಾದಿನ ನಕ್ಷೆ ತಿಳಿಸದ ಸಂಗತಿಯೊಂದಿತ್ತು. 2019ರಲ್ಲಿ ಪರೀಕ್ಷೆಗಾಗಿ ಅಗೆದಾಗ ಮರಕ್ಕೆ ಶಿಲೀಂಧ್ರ ತಗುಲಿರುವುದು ಕಂಡಿತು. ಕಾಯಲು ವೇಳೆಯಿರಲಿಲ್ಲ, 2020ರಲ್ಲಿ ಉತ್ಖನನವು ಆರಂಭವಾಯಿತು. ಹಲಗೆಗಳ ಬಹುಭಾಗ ಕೊಳೆತುಹೋಗಿತ್ತು. ಆದರೂ ಅವನ್ನು ಬಿಗಿದಿದ್ದ ಕಬ್ಬಿಣದ ಮೊಳೆಗಳು ಮಣ್ಣಿನಲ್ಲಿ ಸಾಲುಗಟ್ಟಿ ಉಳಿದಿದ್ದವು. ಹಡಗಿನ ರೂಪವನ್ನು ಪಂಡಿತರು ಆ ಸಾಲುಗಳಿಂದಲೇ ಓದಬೇಕಾಯಿತು.