ಎಳೆದಂತೆ ಬಾಗುವ ತ್ರಿಭುಜ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ತನ್ನ ನಿಯಮಗಳನ್ನು ಪರಿಷ್ಕರಿಸಿ ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಗಳಿಗೆ ವಿಸ್ತರಿಸಿದಾಗ, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ವಿಮರ್ಶಾದೃಷ್ಟಿಯಿಂದ ಅರಿಯುವುದು ಭಾವೀ ಶಿಕ್ಷಕರಿಗೆ ಅವಶ್ಯವೆಂದು ಬಗೆದು, ಅದಕ್ಕಾಗಿಯೇ ಒಂದು ಪತ್ರಿಕೆಯನ್ನು ಪಠ್ಯಕ್ರಮದ ಚೌಕಟ್ಟಿನಲ್ಲಿ ಇರಿಸಿತು. ಅಂದಿನಿಂದ ನಮ್ಮ ಶಿಕ್ಷಣ ಮಹಾವಿದ್ಯಾಲಯಗಳ ಕಂಪ್ಯೂಟರ್ ಕೊಠಡಿಗಳಲ್ಲಿ, ನಾಳೆ ಯಾವುದೋ ಊರಿನ ಶಾಲೆಯಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಬೋಧಿಸಲಿರುವ ತರುಣ ತರುಣಿಯರು ಸ್ಲೈಡುಗಳನ್ನು ರಚಿಸುವುದನ್ನೂ ಪಾಠದ ವಿಡಿಯೋ ತಯಾರಿಸುವುದನ್ನೂ ಪ್ರಶ್ನಾವಳಿಯನ್ನು ಫೋನಿಗೆ ಕಳುಹಿಸುವುದನ್ನೂ ಅಭ್ಯಾಸ ಮಾಡುತ್ತಿದ್ದಾರೆ. ಗುಂಡಿಗಳ ಪರಿಚಯವು ಕೆಲವು ದಿನಗಳ ಕೆಲಸ, ಕಷ್ಟವಿರುವುದು ಬೇರೆಡೆಯಲ್ಲಿ. ಪರದೆಯ ಹಿಂದೆ ಯಂತ್ರವು ಏನನ್ನು ಲೆಕ್ಕಹಾಕುತ್ತಿದೆ, ಯಾವುದನ್ನು ಕಾಣದಂತೆ ಬಿಟ್ಟಿದೆ, ಆ ಪರದೆಯನ್ನು ನೋಡುತ್ತಿರುವ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬ ಮೂರನ್ನೂ ಅರಿಯದೆ ಉಪಕರಣವನ್ನು ಕಲಿತಂತಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಒಂದು ತ್ರಿಭುಜದ ಮೂಲಕ ಹೇಳಲು ಯತ್ನಿಸುತ್ತೇನೆ.

ಏಳನೆಯ ತರಗತಿಯ ಮಕ್ಕಳಿಗೆ, ತ್ರಿಭುಜದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠವನ್ನು ಬೋಧನಾಭ್ಯಾಸದಲ್ಲಿ ಮಾಡಬೇಕಾಗಿರುವ ಒಬ್ಬ ವಿದ್ಯಾರ್ಥಿನಿಯನ್ನು ಭಾವಿಸಿಕೊಳ್ಳೋಣ. ಅವಳು ಆರಿಸಿಕೊಂಡ ಉಪಕರಣ ಜಿಯೋಜೀಬ್ರ. ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಆರಂಭಿಸಿದ ಈ ತಂತ್ರಾಂಶವು ಶಾಲೆಗಳಿಗೆ ಉಚಿತವಾಗಿ ದೊರೆಯುವುದರಿಂದ ಇಂದು ಜಗತ್ತಿನ ಅಸಂಖ್ಯ ಗಣಿತ ಶಿಕ್ಷಕರ ಕೈಸೇರಿದೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ತ್ರಿಭುಜವು ಒಂದೇ ಒಂದು ತ್ರಿಭುಜ. ಮತ್ತೊಂದು ಬೇಕಾದರೆ ಅಳಿಸಿ ಬರೆಯಬೇಕು. ಇಲ್ಲಿಯಾದರೋ ಒಂದು ಶೃಂಗವನ್ನು ಮೌಸಿನಿಂದ ಹಿಡಿದು ಎಳೆದರೆ ತ್ರಿಭುಜವು ಸೊರಗುತ್ತದೆ, ಉಬ್ಬುತ್ತದೆ, ಒಂದು ಬದಿಗೆ ವಾಲುತ್ತದೆ, ಆದರೆ ತ್ರಿಭುಜವಾಗಿಯೇ ಉಳಿಯುತ್ತದೆ. ಇದು ಹೇಗೆ ಸಾಧ್ಯವಾಗುತ್ತದೆಂಬುದು ತಿಳಿಯತಕ್ಕ ಸಂಗತಿ. ಯಂತ್ರದ ಸ್ಮೃತಿಯಲ್ಲಿ ಇರುವುದು ಚಿತ್ರವಲ್ಲ. ಮೂರು ಬಿಂದುಗಳ ನಿರ್ದೇಶಾಂಕಗಳೂ, ಅವುಗಳನ್ನು ಅವಲಂಬಿಸಿದ ಸಂಬಂಧಗಳ ಒಂದು ಸರಪಳಿಯೂ ಅಲ್ಲಿವೆ. ಬಿಂದುಗಳು ಸ್ವತಂತ್ರ, ಬಾಹುಗಳು ಬಿಂದುಗಳಿಗೆ ಅಧೀನ, ಕೋನಗಳು ಬಾಹುಗಳಿಗೆ ಅಧೀನ. ಶೃಂಗವು ಕೂದಲೆಳೆಯಷ್ಟು ಸರಿದರೂ ಅದರ ಹೊಸ ನಿರ್ದೇಶಾಂಕಗಳಿಂದ ಮೊದಲ್ಗೊಂಡು, ಅಧೀನವಾದ ಪ್ರತಿಯೊಂದನ್ನೂ ಕ್ರಮವಾಗಿ ಮತ್ತೆ ಗಣಿಸಿ, ಕಣ್ಣಿಗೆ ಎಡೆಬಿಡದ ಚಲನೆಯೆಂದೇ ತೋರುವಷ್ಟು ವೇಗದಲ್ಲಿ ಯಂತ್ರವು ಪರದೆಯನ್ನು ಪುನಃ ಬರೆಯುತ್ತದೆ.

ವಿದ್ಯಾರ್ಥಿನಿಯು ಮೂರು ಕೋನಗಳ ಅಳತೆಯನ್ನೂ ತೆರೆಯ ಮೇಲೆ ತೋರಿಸಿ, ಶೃಂಗವನ್ನು ಎಳೆದು, ಮಕ್ಕಳಿಂದಲೇ ಕೂಡಿಸಿ ಹೇಳಿಸುವ ಯೋಜನೆಯನ್ನು ಹಾಕಿಕೊಂಡಿದ್ದಾಳೆ. ಬಹುಪಾಲು ಎಲ್ಲವೂ ಸರಿಯಾಗಿಯೇ ನಡೆಯುವುದು. ಆದರೆ ಎಳೆಯುತ್ತ ಎಳೆಯುತ್ತ ಶೃಂಗವು ಒಂದು ಕಡೆ ನಿಂತಾಗ ಪರದೆಯಲ್ಲಿ 45.34, 67.23, 67.44 ಎಂಬ ಮೂರು ಸಂಖ್ಯೆಗಳು ಮೂಡಿದುವೆನ್ನೋಣ. ಲೆಕ್ಕದಲ್ಲಿ ಚುರುಕಾದ ಹುಡುಗಿಯೊಬ್ಬಳು ಇವನ್ನು ಕೂಡಿಸಿ, ‘ಟೀಚರ್, 180.01 ಬರ್ತಿದೆ’ ಎನ್ನುತ್ತಾಳೆ. ಅವಳ ಸಂಕಲನದಲ್ಲಿ ತಪ್ಪಿಲ್ಲ. ತಂತ್ರಾಂಶವೂ ಕೆಟ್ಟಿಲ್ಲ. ಯಂತ್ರವು ಗಣಿಸಿರುವ ಕೋನಗಳು 45.336, 67.226 ಮತ್ತು 67.438, ಇವುಗಳ ಮೊತ್ತ ಸರಿಯಾಗಿ 180. ಪರದೆಗೆ ಎರಡೇ ದಶಮಾಂಶ ಸ್ಥಾನಗಳನ್ನು ಕೊಡಬೇಕೆಂಬ ಏರ್ಪಾಡು ಇರುವುದರಿಂದ, ಅಂಗಡಿಯವನು ಪೈಸೆಗಳನ್ನು ಹತ್ತಿರದ ರೂಪಾಯಿಗೆ ಏರಿಸಿ ಚೀಟಿ ಬರೆಯುವಂತೆ, ಮೂರನ್ನೂ ಮೇಲಕ್ಕೆ ದುಂಡಾಗಿಸಿ ತೋರಿಸಿದೆ. ಮೂರು ಸಣ್ಣ ಹೆಚ್ಚುವರಿಗಳು ಸೇರಿ ನೂರನೆಯ ಒಂದು ಭಾಗದಷ್ಟು ಅಧಿಕವಾಯಿತು. ದಶಮಾಂಶ ಸ್ಥಾನಗಳನ್ನು ಮೂರಕ್ಕೆ ಏರಿಸಿದರೆ ಈ ತ್ರಿಭುಜದ ತೊಡಕು ಬಗೆಹರಿಯುವುದು, ಇನ್ನೊಂದು ತ್ರಿಭುಜದಲ್ಲಿ 180.001 ಎಂಬ ರೂಪದಲ್ಲಿ ಮತ್ತೆ ತಲೆಯೆತ್ತುವುದು. ಇನ್ನೂ ಆಳಕ್ಕಿಳಿದರೆ ಯಂತ್ರದ ಒಳಲೆಕ್ಕವೂ ಪೂರ್ಣ ನಿಖರವಲ್ಲ: ಗಣಕವು ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಇರಿಸಿಕೊಳ್ಳುವುದರಿಂದ, ಮೂರನೆಯ ಒಂದು ಭಾಗವು ದಶಮಾಂಶದಲ್ಲಿ 0.333 ಎಂದು ಮುಗಿಯದೆ ಸಾಗುವ ಹಾಗೆ, 0.1 ಎಂಬ ಸರಳ ಸಂಖ್ಯೆಯೇ ಅಲ್ಲಿ ಮುಗಿಯದ ಶ್ರೇಣಿಯಾಗುತ್ತದೆ. ಸುಮಾರು ಹದಿನೈದು ಹದಿನಾರು ಅಂಕಿಗಳಾಚೆಗೆ ಅದನ್ನು ಕತ್ತರಿಸದೆ ಗತ್ಯಂತರವಿಲ್ಲ.

ಈ 180.01ರ ಮುಂದೆ ‘ಅದು ಕಂಪ್ಯೂಟರಿನ ತಪ್ಪು, ಬಿಡು’ ಎಂದು ಹೇಳಿ ಮುಂದಿನ ಸ್ಲೈಡಿಗೆ ಸರಿಯುವ ಶಿಕ್ಷಕಿಯು ಅಂದಿನ ಪಾಠದ ಅತ್ಯಮೂಲ್ಯವಾದ ಕ್ಷಣವನ್ನು ಕೈಯಾರೆ ಚೆಲ್ಲಿಬಿಟ್ಟಂತೆಯೇ ಸರಿ. ಅಳೆಯುವುದು ಬೇರೆ, ಸಾಧಿಸುವುದು ಬೇರೆ ಎಂಬ ಗಣಿತದ ಮೂಲತತ್ತ್ವವನ್ನು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶವು ಏಳನೆಯ ತರಗತಿಯಲ್ಲಿ ಇನ್ನೆಲ್ಲಿ ಬಂದೀತು? ಸಾವಿರ ತ್ರಿಭುಜಗಳನ್ನು ಅಳೆದರೂ ಸಾವಿರದ ಒಂದನೆಯದರ ಮಾತನ್ನು ಆ ಅಳತೆಗಳು ಆಡಲಾರವು. ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ರೇಖೆಯನ್ನು ಎಳೆದೊಡನೆ, ಪಾದದ ಎರಡು ಕೋನಗಳು ಪರ್ಯಾಯ ಕೋನಗಳಾಗಿ ಮೇಲೆ ಬಂದು, ಶೃಂಗಕೋನದ ಎರಡು ಪಕ್ಕಗಳಲ್ಲಿ ಕುಳಿತು, ಮೂರೂ ಸೇರಿ ಒಂದು ಸರಳಕೋನವಾಗುತ್ತವೆ. ಯೂಕ್ಲಿಡನ ಒಂದನೆಯ ಪುಸ್ತಕದ 32ನೆಯ ಪ್ರಮೇಯದಲ್ಲಿರುವ ಈ ಸತ್ಯಕ್ಕೆ ಯಾವ ಅಳತೆಗೋಲೂ ಬೇಕಿಲ್ಲ. ಅದೇ ಜಿಯೋಜೀಬ್ರದಲ್ಲಿ ಆ ಸಮಾಂತರ ರೇಖೆಯನ್ನು ಬರೆದು, ಸಮವಾದ ಕೋನಗಳಿಗೆ ಒಂದೇ ಬಣ್ಣ ಕೊಟ್ಟು, ಸಂಖ್ಯೆಗಳನ್ನೆಲ್ಲ ಅಳಿಸಿ, ಬಳಿಕ ಶೃಂಗವನ್ನು ಎಳೆದು ತೋರಿಸಿದರೆ, ಮೊತ್ತವು ಏಕೆ ಬದಲಾಗದು ಎಂಬುದು ಮಗುವಿಗೆ ಕಣ್ಣಾರೆ ಕಾಣುತ್ತದೆ. ಇಷ್ಟಾದರೂ ಆ ಪರದೆಯು ಸಮತಲವೆಂಬುದನ್ನು ಮರೆಯಲಾಗದು: ಭೂಗೋಳದ ಉತ್ತರ ಧ್ರುವದಿಂದ 90 ಡಿಗ್ರಿ ಅಂತರದ ಎರಡು ರೇಖಾಂಶಗಳು ಸಮಭಾಜಕಕ್ಕೆ ಇಳಿದು ರಚಿಸುವ ತ್ರಿಭುಜದಲ್ಲಿ ಮೂರೂ ಲಂಬಕೋನಗಳೇ, ಮೊತ್ತ 270.

ಇನ್ನು ನೋಡುವ ಮಗುವಿನ ಮಾತು. ಮನುಷ್ಯನು ಒಂದು ಕ್ಷಣದಲ್ಲಿ ಮನಸ್ಸಿನೊಳಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಸುಪಾಸಿನಲ್ಲಿವೆಯೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದರೆ, ನೆಲ್ಸನ್ ಕೋವನ್ 2001ರಲ್ಲಿ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಇಷ್ಟು ಇಕ್ಕಟ್ಟಾದ ತಾಣದಲ್ಲಿ ಪಾಠವೂ ಅಲಂಕಾರವೂ ಜಾಗಕ್ಕಾಗಿ ಪೈಪೋಟಿ ನಡೆಸಿದರೆ ಸೋಲುವುದು ಪಾಠವೇ ಎಂಬುದನ್ನು ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಮೇಯರ್ ಅವರ ಅಧ್ಯಯನಗಳು ನಾನಾ ವಿಧದಲ್ಲಿ ತೋರಿಸಿವೆ. ಸ್ಲೈಡಿನ ತುಂಬ ವಾಕ್ಯಗಳನ್ನು ಬರೆದು ಅವನ್ನೇ ಗಟ್ಟಿಯಾಗಿ ಓದುವ ಶಿಕ್ಷಕನು, ಚಿತ್ರವನ್ನು ನೋಡಬೇಕಾದ ಕಣ್ಣನ್ನು ಅಕ್ಷರಗಳಲ್ಲಿ ತೊಡಗಿಸಿ, ಕಿವಿಗೆ ಬಿದ್ದದ್ದನ್ನು ಕಣ್ಣಿಗೆ ಬಿದ್ದದ್ದರೊಡನೆ ತಾಳೆನೋಡುವ ವ್ಯರ್ಥಶ್ರಮಕ್ಕೆ ಮಕ್ಕಳನ್ನು ಹಚ್ಚುತ್ತಾನೆ. ಆದುದರಿಂದ ನಮ್ಮ ವಿದ್ಯಾರ್ಥಿನಿಯು ತ್ರಿಭುಜದ ಹಿನ್ನೆಲೆಯ ಅಕ್ಷರೇಖೆಗಳನ್ನೂ ಚೌಕುಳಿಗೆರೆಗಳನ್ನೂ ತೆಗೆದುಹಾಕಿ, ಕೋನದ ಅಳತೆಯನ್ನು ದೂರದ ಮೂಲೆಯಲ್ಲಿಡದೆ ಕೋನದ ಪಕ್ಕದಲ್ಲಿಯೇ ಇರಿಸಿ, ಎಳೆಯುವ ಮುನ್ನ ಕೈ ತಡೆದು, ‘ಈ ಮೂಲೆಯನ್ನು ಮೇಲಕ್ಕೆ ಎತ್ತಿದರೆ ಇದರ ಕೋನ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ, ಪುಸ್ತಕದಲ್ಲಿ ಬರೆದುಕೊಳ್ಳಿ’ ಎನ್ನುವುದನ್ನು ಕಲಿಯಬೇಕು. ಊಹೆಯನ್ನು ಕಾಗದದ ಮೇಲೆ ಇಟ್ಟ ಮಗುವು ಪರದೆಯನ್ನು ನೋಡುವ ರೀತಿಯೇ ಬೇರೆ.

ವಿಜ್ಞಾನದ ಪಾಠಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡ ಕಾರ್ಲ್ ವೀಮನ್ ಅವರು ಮರುವರ್ಷವೇ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಎಂಬ ಯೋಜನೆಯ ಅನುಕರಣ ಪ್ರಯೋಗಗಳು ಉಚಿತವಾಗಿವೆ, ಕನ್ನಡದಲ್ಲಿಯೂ ಅನೇಕವು ದೊರೆಯುತ್ತವೆ. ಅದರ ವಿದ್ಯುನ್ಮಂಡಲ ಪೆಟ್ಟಿಗೆಯಲ್ಲಿ ಬ್ಯಾಟರಿಯನ್ನೂ ಬಲ್ಬನ್ನೂ ತಂತಿಯಿಂದ ಜೋಡಿಸಿದರೆ ನೀಲಿ ಮಣಿಗಳಂಥ ಎಲೆಕ್ಟ್ರಾನುಗಳು ತಂತಿಯೊಳಗೆ ಹರಿದಾಡುವುದು ಕಾಣುತ್ತದೆ. ಬ್ಯಾಟರಿಯ ಎರಡು ತುದಿಗಳನ್ನೂ ಬರಿಯ ತಂತಿಯಿಂದ ಕೂಡಿಸಿದರೆ ಬೆಂಕಿಯೂ ಏಳುತ್ತದೆ, ಯಾರ ಕೈಯೂ ಸುಡುವುದಿಲ್ಲ. ಬಡ ಶಾಲೆಗೆ ಇದು ದೊಡ್ಡ ವರ. ಆದರೆ ಆ ಮಣಿಗಳನ್ನು ಕಂಡ ಮಗುವು, ಸ್ವಿಚ್ ಒತ್ತಿದೊಡನೆ ದೀಪ ಉರಿಯುವುದು ಅವು ಅಲ್ಲಿಂದ ಇಲ್ಲಿಗೆ ಓಡಿಬಂದುದರಿಂದ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಮನೆಯ ತಂತಿಯಲ್ಲಿ ಎಲೆಕ್ಟ್ರಾನುಗಳ ಸರಾಸರಿ ಸರಿತವು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ, ಕ್ಷಣಾರ್ಧದಲ್ಲಿ ತಲಪುವುದು ವಿದ್ಯುತ್‌ಕ್ಷೇತ್ರದ ಪ್ರಭಾವ. ನಿಜವಾದ ಟಾರ್ಚ್ ಬಲ್ಬಿನ ತಂತುವು ಕಾದಂತೆ ಅದರ ರೋಧವು ತಣ್ಣಗಿದ್ದಾಗಿನದಕ್ಕಿಂತ ಎಷ್ಟೋ ಪಟ್ಟು ಏರುವುದನ್ನೂ ಪರದೆಯ ಸಾಮಾನ್ಯ ಬಲ್ಬು ತೋರಿಸದು. ಅನುಕರಣವು ಪ್ರಕೃತಿಯನ್ನು ಸರಳೀಕರಿಸಲೇಬೇಕು. ಏನನ್ನು ಸರಳೀಕರಿಸಿದೆಯೆಂಬುದನ್ನು ಶಿಕ್ಷಕಿಯು ತಿಳಿದಿರಬೇಕು, ಸಾಧ್ಯವಾದರೆ ಒಂದು ನಿಜವಾದ ಸೆಲ್ಲನ್ನೂ ಬಲ್ಬನ್ನೂ ಮೇಜಿನ ಮೇಲೆ ಇಟ್ಟುಕೊಂಡಿರಬೇಕು.

ಶಾಲೆಗೆ ಯಂತ್ರವು ಬಂದುದು ಇದೇ ಮೊದಲಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲಪಿದುವು. ಅವುಗಳಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದುವು. 2004ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟದಿಂದ ಏರಿದ ಎಜುಸ್ಯಾಟ್ ಉಪಗ್ರಹದ ಆರಂಭದ ಪ್ರಯೋಗಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಸೇರಿದ್ದುವು. ಆ ಸಾಹಸಗಳ ಬಗೆಗೆ ನನಗೆ ಅಪಾರ ಗೌರವವಿದೆ. ಆದರೂ ಹಳ್ಳಿಯ ಆ ದೂರದರ್ಶನದ ಪೆಟ್ಟಿಗೆಗೆ ಎದುರಿಗಿದ್ದ ಮಗುವಿನ ಪ್ರಶ್ನೆ ಕೇಳಿಸುತ್ತಿರಲಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ಪಕ್ಕದಲ್ಲಿ ನಿಂತಿದ್ದ ಮೇಷ್ಟರೇ ಆಗಿದ್ದರು.

ಪ್ರಶ್ನೆಯನ್ನು ಮಕ್ಕಳತ್ತ ತಿರುಗಿಸುವುದಕ್ಕೂ ಇಂದು ಸುಲಭ ಸಾಧನಗಳಿವೆ. ಪ್ಲಿಕರ್ಸ್ ಎಂಬ ಏರ್ಪಾಡಿನಲ್ಲಿ ಪ್ರತಿ ಮಗುವಿಗೂ ಕಪ್ಪು ಚೌಕಗಳ ಆಕೃತಿಯೊಂದನ್ನು ಮುದ್ರಿಸಿದ ಕಾಗದದ ಚೀಟಿ ಕೊಡುತ್ತಾರೆ. ಚೀಟಿಯ ನಾಲ್ಕು ಅಂಚುಗಳಲ್ಲಿ ಯಾವುದು ಮೇಲಿದೆಯೋ ಅದೇ ಆ ಮಗುವಿನ ಉತ್ತರ. ಶಿಕ್ಷಕಿಯು ತನ್ನ ಫೋನಿನ ಕ್ಯಾಮೆರವನ್ನು ತರಗತಿಯತ್ತ ಆಡಿಸಿದರೆ ಎಲ್ಲರ ಉತ್ತರಗಳೂ ಆ ಒಂದೇ ಫೋನಿನಲ್ಲಿ ದಾಖಲಾಗುತ್ತವೆ, ಅಕ್ಕಪಕ್ಕದವರಿಗೆ ಮಾತ್ರ ಪರಸ್ಪರರ ಉತ್ತರ ಸುಲಭವಾಗಿ ತಿಳಿಯದು. ಇಂಥ ಕಿರುಪರೀಕ್ಷೆಯ ಮಹತ್ತ್ವವು ಅಂಕ ಕೊಡುವುದರಲ್ಲಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗದ್ಯಭಾಗವೊಂದನ್ನು ಎರಡು ಸಲ ಓದಿದವರು ಐದು ನಿಮಿಷದ ಬಳಿಕ ಶೇಕಡ 81ರಷ್ಟನ್ನೂ, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರು ಶೇಕಡ 75ರಷ್ಟನ್ನೂ ಹೇಳಿದರು; ಒಂದು ವಾರ ಕಳೆದಾಗ ಓದಿದವರಲ್ಲಿ ಉಳಿದುದು ಶೇಕಡ 42, ನೆನಪಿನಿಂದ ಬರೆದವರಲ್ಲಿ ಶೇಕಡ 56. ಚೆನ್ನಾಗಿ ಬಂತೆಂದು ಅಂದು ತೋರಿದ ಪಾಠವೇ ವಾರದ ಮೇಲೆ ಹಿಂದೆ ಬಿದ್ದಿತು. ಹೀಗಿರಲು ಇಡೀ ಅವಧಿಯನ್ನು ವಿಡಿಯೋ ತೋರಿಸಿ ಮುಗಿಸುವ ಪದ್ಧತಿಗಿಂತ, ಅದನ್ನು ನಡುನಡುವೆ ನಿಲ್ಲಿಸಿ ಚೀಟಿ ಎತ್ತಿಸುವ ಪದ್ಧತಿಯನ್ನೇ ನಾನು ಮೆಚ್ಚುತ್ತೇನೆ.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಹಳೆಯ ಅಕ್ಷರಶೈಲಿಯಲ್ಲಿ ಕನ್ನಡ ಟೈಪು ಮಾಡಿದ ಕಡತವು ಆ ಶೈಲಿಯಿಲ್ಲದ ಶಾಲೆಯ ಯಂತ್ರದಲ್ಲಿ ತೆರೆದಾಗ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಆ ಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಹೊದಿಸಿದ್ದುದು ಇದಕ್ಕೆ ಕಾರಣ. ಯೂನಿಕೋಡ್ ವ್ಯವಸ್ಥೆಯು ಕನ್ನಡಕ್ಕೆಂದೇ 128 ಸಂಕೇತಸ್ಥಾನಗಳನ್ನು ಮೀಸಲಿಟ್ಟಿರುವುದರಿಂದ, ಪಾಠವನ್ನು ಅದರಲ್ಲಿಯೇ ಸಿದ್ಧಪಡಿಸುವ ಅಭ್ಯಾಸವನ್ನು ಮೊದಲ ವಾರದಲ್ಲಿಯೇ ಮಾಡಿಸುವುದು ಒಳಿತು.

ವಿಷಯವನ್ನು ಬಲ್ಲ ಪಂಡಿತನ ಜ್ಞಾನಕ್ಕೂ, ಅದೇ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆಂಬುದನ್ನು ಬಲ್ಲ ಶಿಕ್ಷಕನ ಜ್ಞಾನಕ್ಕೂ ಭೇದವುಂಟೆಂದು ಲೀ ಶುಲ್ಮನ್ 1986ರಲ್ಲಿ ಪ್ರತಿಪಾದಿಸಿದರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೊಹ್ಲರ್ 2006ರಲ್ಲಿ ಆ ಚಿಂತನೆಗೆ ತಂತ್ರಜ್ಞಾನವನ್ನು ಸೇರಿಸಿ, ಮೂರೂ ಒಂದರೊಳಗೊಂದು ಹೆಣೆದುಕೊಳ್ಳಬೇಕೆಂದು ವಾದಿಸಿದರು. ಇದನ್ನು ಒಪ್ಪುವುದಾದರೆ ಬಿ.ಎಡ್. ಮೌಲ್ಯಮಾಪನದ ರೀತಿಯೂ ಬದಲಾಗಬೇಕು. ಸ್ಲೈಡುಗಳ ಸಂಖ್ಯೆಯನ್ನೂ ಅವುಗಳ ಬಣ್ಣವನ್ನೂ ಕಂಡು ಅಂಕ ಕೊಡುವುದರ ಬದಲು, ಪರೀಕ್ಷಕರು ವಿದ್ಯಾರ್ಥಿನಿಯ ತ್ರಿಭುಜದ ಶೃಂಗವನ್ನು ತಾವೇ ಹಿಡಿದು ಎಳೆದು, 180.01 ಬರುವ ಕಡೆ ನಿಲ್ಲಿಸಿ, ‘ಈಗ ಮಕ್ಕಳಿಗೆ ಏನು ಹೇಳುವಿರಿ?’ ಎಂದು ಕೇಳಲಿ. ಅನಂತರ ಪ್ರೊಜೆಕ್ಟರನ್ನು ಆರಿಸಿ, ಒಂದು ಕಾಗದದ ತ್ರಿಭುಜವನ್ನೂ ಕತ್ತರಿಯನ್ನೂ ಅವಳ ಕೈಗಿತ್ತು, ಕರೆಂಟು ಹೋದ ಶಾಲೆಯಲ್ಲಿ ಇದೇ ಪಾಠವನ್ನು ಮುಂದುವರಿಸುವ ಬಗೆಯನ್ನು ತೋರಿಸಿರೆನ್ನಲಿ.