‘ಒಂದಕ್ಕ’ ಅಂದರೆ ಏನು?

ಅಪ್ಪನಿಗೆ ಪಾರ್ಶ್ವವಾಯು ಆದಾಗ ಅವರು ರಾಣೆಬೆನ್ನೂರಿನ ಮನೆಯಲ್ಲಿ ಒಬ್ಬರೇ ಇದ್ದರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಆದರೆ ಬಲಗೈ ಬಲಗಾಲು ಬಿದ್ದುಹೋದವು. ಮಾತು ಅರ್ಧ ಉಳಿಯಿತು, ಅದೂ ಕನ್ನಡದ್ದು ಮಾತ್ರ. ಮೊದಲು ಹಿಂದಿಯಲ್ಲಿ ಆರಾಮಾಗಿ ಮಾತಾಡುತ್ತಿದ್ದ ಮನುಷ್ಯನಿಗೆ ಈಗ ‘ಪಾನಿ’ ಎಂಬ ಪದವೂ ಸಿಗುತ್ತಿರಲಿಲ್ಲ.

ಪುಣೆಗೆ ಕರೆತಂದೆವು. ವಾಕಡ್‌ನಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟ್. ಗಂಡ ಹೆಂಡತಿ ಇಬ್ಬರೂ ಹಿಂಜವಡಿಯಲ್ಲಿ ಐಟಿ ಕೆಲಸದವರು. ಎರಡು ತಿಂಗಳಲ್ಲಿ ಮೂವರು ಅಟೆಂಡೆಂಟ್‌ಗಳು ಬಂದು ಹೋದರು. ನಾಲ್ಕನೆಯವನು ಹೇಳದೆ ಕೇಳದೆ ಬಿಟ್ಟುಹೋದ ದಿನ, ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ತೀರ್ಮಾನಕ್ಕೆ ಬಂದೆವು. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಸಣ್ಣ ಆಸ್ಪತ್ರೆ. ನಾನು ಹೇಳುತ್ತಿರುವುದು ಹಾಸಿಗೆ ಹಿಡಿದ ಹಿರಿಯರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗದ ವಿಷಯ. ಊರಿನವರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು, ‘ವೃದ್ಧಾಶ್ರಮ’. ಫೋನಿನಲ್ಲಿ ಚಿಕ್ಕಪ್ಪ ಆ ಪದವನ್ನು ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ.

ವೃತ್ತಿಯ ಚಟದಂತೆ ಎಕ್ಸೆಲ್ ಶೀಟ್ ಮಾಡಿದೆ. ಆರು ಕೇಂದ್ರಗಳು, ಹತ್ತು ಕಾಲಂಗಳು: ತಿಂಗಳ ಶುಲ್ಕ, ಮನೆಯಿಂದ ದೂರ, ಸಿಸಿಟಿವಿ, ಆಂಬುಲೆನ್ಸ್, ಫಿಸಿಯೋಥೆರಪಿ, ಊಟದ ಮೆನು, ಗೂಗಲ್ ರೇಟಿಂಗ್ ಇತ್ಯಾದಿ. ಹೆಚ್ಚು ಅಂಕ ಬಂದ ಕೇಂದ್ರಕ್ಕೆ ಸೇರಿಸಿದೆವು. ಹೊಳೆಯುವ ನೆಲ, ಮುಂದೆ ತೋಟ, ನಗುಮುಖದ ಮ್ಯಾನೇಜರ್.

ಮೂರನೆಯ ವಾರ ಹೋದಾಗ ನರ್ಸ್, “ಬೆನ್ನ ಕೆಳಗೆ ಸ್ವಲ್ಪ ಕೆಂಪಾಗಿದೆ” ಎಂದಳು. ಮಗ್ಗುಲು ತಿರುಗಿಸಿ ನೋಡಿದೆ. ಬಾಲಮೂಳೆಯ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು. ಅಟೆಂಡೆಂಟ್ ಹುಡುಗ ಹಿಂದಿಯಲ್ಲಿ ಹೇಳಿದ: “ಕಾಕಾ ದಿನವಿಡೀ ಒಂದಕ್ಕ, ಒಂದಕ್ಕ ಅಂತಾರೆ. ಯಾರನ್ನೋ ಕರೀತಿದ್ದಾರೆ ಅಂದ್ಕೊಂಡೆವು.”

ನಿಮಗೆ ಇದರ ಅರ್ಥ ಹೇಳಬೇಕಿಲ್ಲ. ಮೂತ್ರಕ್ಕೆ ಹೋಗಬೇಕು ಎಂದು ಅಪ್ಪ ಕೇಳುತ್ತಿದ್ದರು. ಅದು ತಿಳಿಯದವರು ಎರಡನೆಯ ದಿನವೇ ಡೈಪರ್ ಹಾಕಿದ್ದರು. ಒದ್ದೆ ಡೈಪರ್‌ನಲ್ಲಿ, ಒಂದೇ ಮಗ್ಗುಲಲ್ಲಿ, ಗಂಟೆಗಟ್ಟಲೆ. ಹಾಸಿಗೆ ಹುಣ್ಣು ಆಗಲು ಇನ್ನೇನು ಬೇಕು? ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೊಬ್ಬನಿಗೆ ಹನ್ನೆರಡು ಜನರ ಜವಾಬ್ದಾರಿ ಇತ್ತು. ನನ್ನ ಹತ್ತು ಕಾಲಂಗಳಲ್ಲಿ ‘ಅಪ್ಪನ ಮಾತು ಯಾರಿಗೆ ತಿಳಿಯುತ್ತದೆ?’ ಎಂಬುದೇ ಇರಲಿಲ್ಲ.

ಎರಡನೆಯ ಸಲ ಹುಡುಕುವಾಗ ಬೇರೆಯೇ ಪ್ರಶ್ನೆಗಳನ್ನು ಹಿಡಿದು ಹೊರಟೆ. ನಿಮಗೂ ಬೇಕಾಗಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಹೇಳದೆ ಹೋಗಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಕೇಂದ್ರಗಳೂ ಚೆಂದ. ರಾತ್ರಿ ಊಟದ ಹೊತ್ತಿಗೆ ಹೋಗಿ, ಭಾನುವಾರ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ರೋಗಿಗಳಿಗೆ ಎಷ್ಟು ಜನ ಎಂದು ಕೇಳಿ. ಅದರಲ್ಲಿ ತರಬೇತಾದ ನರ್ಸ್ ಎಷ್ಟು, ಸಹಾಯಕರು ಎಷ್ಟು ಎಂದು ಬಿಡಿಸಿ ಕೇಳಿ. ಬಾಗಿಲಲ್ಲೇ ತಡೆದರೆ ಅದೂ ಒಂದು ಉತ್ತರ.

ಕಟ್ಟಡ ಬಿಟ್ಟು ಜನರನ್ನು ನೋಡಿ. ಉಗುರು ಕತ್ತರಿಸಿದ್ದಾರೆಯೇ? ತುಟಿ ಒಣಗಿದೆಯೇ? ನೀರಿನ ಲೋಟ ಕೈಗೆ ಎಟುಕುವಂತಿದೆಯೇ, ಇಲ್ಲಾ ಆಚೆ ಮೇಜಿನ ಮೇಲಿದೆಯೇ? ಮೂತ್ರದ ವಾಸನೆ ಕೆಟ್ಟ ಸೂಚನೆ ಎಂದು ಎಲ್ಲರಿಗೂ ಗೊತ್ತು. ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ ಬಂದರೂ ಅನುಮಾನಿಸಿ.

ಮಗ್ಗುಲು ಬದಲಿಸುವ ಚಾರ್ಟ್ ಕೇಳಿ. ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಒಂದು ಕಡೆ ನಾನು ಸಂಜೆ ಐದಕ್ಕೆ ನೋಡಿದ ಚಾರ್ಟ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಸಹಿ ಬಿದ್ದಾಗಿತ್ತು! ಸೇರಿಸಿದ ಮೇಲೂ ಬಾಲಮೂಳೆ, ಸೊಂಟ, ಹಿಮ್ಮಡಿಗಳನ್ನು ನೀವೇ ನೋಡಿ. ಒತ್ತಿದರೂ ಮಾಸದ ಕೆಂಪು ಹುಣ್ಣಿನ ಮೊದಲ ಸೂಚನೆ. ನಮ್ಮಂಥ ಕಪ್ಪು ಚರ್ಮದಲ್ಲಿ ಅದು ಕಾಣದೇ ಹೋಗಬಹುದು, ಬಿಸಿಯಾಗಿದೆಯೇ ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ.

ಊಟ ಮಾಡಿಸುವುದನ್ನು ನೋಡಿ. ಪಾರ್ಶ್ವವಾಯು ಆದವರಿಗೆ ನುಂಗುವುದು ಕಷ್ಟವಾಗಬಹುದು. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡಬೇಕು. ಮಲಗಿಸಿಕೊಂಡೇ ಐದು ನಿಮಿಷದಲ್ಲಿ ಮುಗಿಸುವ ಜಾಗ ಬೇಡ.

ಕೆಟ್ಟದ್ದನ್ನು ಕೇಳಿ. “ಕೊನೆಯ ಸಲ ಇಲ್ಲಿ ಯಾರಾದರೂ ಬಿದ್ದದ್ದು ಯಾವಾಗ? ಆಮೇಲೆ ಏನು ಮಾಡಿದಿರಿ?” ಎಂದು ಕೇಳಿದೆ. “ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ” ಎಂದವರಿಗಿಂತ, “ಹೋದ ತಿಂಗಳು ಒಬ್ಬರು ಬಾತ್‌ರೂಮಿನಲ್ಲಿ ಬಿದ್ದರು, ಆಮೇಲೆ ಈ ಹಿಡಿ ಹಾಕಿಸಿದೆವು” ಎಂದವರ ಮೇಲೆ ನಂಬಿಕೆ ಬಂತು. ತುರ್ತು ಬಂದರೆ ಯಾವ ಆಸ್ಪತ್ರೆ, ಬಿಟ್ಟುಹೋದರೆ ಠೇವಣಿ ಎಷ್ಟು ವಾಪಸ್ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ.

ಅಮೆರಿಕದಲ್ಲಿ ಸರ್ಕಾರವೇ 2008ರಿಂದ ನರ್ಸಿಂಗ್ ಹೋಂಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ತಪಾಸಣೆಯ ಫಲಿತಾಂಶ, ಸಿಬ್ಬಂದಿಯ ಪ್ರಮಾಣ ಎಲ್ಲ ಬಹಿರಂಗ. ನಮ್ಮಲ್ಲಿ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಅದರ ಒತ್ತು ಹೆಚ್ಚಾಗಿ ಮಕ್ಕಳು ಕೊಡಬೇಕಾದ ಜೀವನಾಂಶ ಮತ್ತು ನಿರ್ಗತಿಕ ಹಿರಿಯರ ಆಶ್ರಮಗಳ ಮೇಲೆ. ಮಾಹಿತಿ ಬೇಕಾದರೆ, ದೌರ್ಜನ್ಯ ಕಂಡರೆ 14567 ಎಂಬ ಉಚಿತ ಹಿರಿಯರ ಸಹಾಯವಾಣಿ ಇದೆ. ಉಳಿದ ತಪಾಸಣೆ ನಮ್ಮದೇ.

ಈಗ ಅಪ್ಪ ಇರುವ ಕೇಂದ್ರ ಹಳೆಯ ಬಂಗಲೆ. ನೆಲ ಹೊಳೆಯುವುದಿಲ್ಲ, ತೋಟವಿಲ್ಲ. ಮೊದಲ ದಿನವೇ ಅಲ್ಲಿಯ ಸಿಸ್ಟರ್ ಕೇಳಿದ್ದು, “ಇವರು ದಿನಾ ಬಳಸುವ ಪದ ಯಾವುವು? ಹೇಳಿ, ಬರ್ಕೊಳ್ತೀನಿ.” ನೀರ, ಸಾಕ, ನೋಯ್ತದ, ಒಂದಕ್ಕ, ಎರಡಕ್ಕ. ದೇವನಾಗರಿಯಲ್ಲಿ ಬರೆದು ಹಾಸಿಗೆಯ ಮೇಲ್ಗಡೆ ಅಂಟಿಸಿದರು. ಮಹಾನಗರದ ಕನ್ನಡಿಗರಿಗೆ ನಾನು ಹೇಳುವ ಮುಖ್ಯ ಮಾತು ಇದೇ: ಕನ್ನಡ ಬಲ್ಲ ಸಿಬ್ಬಂದಿ ಸಿಗದಿದ್ದರೆ ಈ ಚೀಟಿಯನ್ನು ನೀವೇ ಬರೆದು ಅಂಟಿಸಿ. ಸೇರಿಸುವ ದಿನವೇ ಅಂಟಿಸಿ.

ಹುಣ್ಣು ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಕಲೆ ಉಳಿದಿದೆ. ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ವಾರಕ್ಕೆ ಮೂರು ಸಲ, ಬೇರೆ ಬೇರೆ ಹೊತ್ತಿಗೆ, ಹೇಳದೆ ಹೋಗುತ್ತೇನೆ.

ಕಳೆದ ಭಾನುವಾರ ಹೋದಾಗ ಒಡಿಶಾದ ಹುಡುಗ ಬಗ್ಗಿ ಕೇಳುತ್ತಿದ್ದ, “ಕಾಕಾ, ಒಂದಕ್ಕ?”

ಅಪ್ಪ ಎಡಗೈ ಆಡಿಸಿ ಅಂದರು, “ಬ್ಯಾಡ ಬಿಡೋ. ಈಗರೆ ಹೋಗಿ ಬಂದೇನಿ.”