ಸೋರುವ ಮಾಡು, ಯಾರ ಖರ್ಚು?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದು ಬಾಡಿಗೆ ಮಳಿಗೆ, ದಿನಸಿ ವ್ಯಾಪಾರ. ಮೇಲೆ ಮಂಗಳೂರು ಹೆಂಚು. ಆಷಾಢದ ಮಳೆ ಹಿಡಿಯಿತೆಂದರೆ ಒಡೆದ ಹೆಂಚಿನ ಸಂದಿಯಿಂದ ಇಳಿದ ನೀರು ರೀಪು ನೆನೆಸಿ, ಕೊನೆಗೆ ತೊಗರಿಬೇಳೆ ಚೀಲಕ್ಕೇ ಬರುತ್ತದೆ. "ಹೆಂಚು ಬದಲಾಯಿಸಿಕೊಡಿ ಸ್ವಾಮಿ" ಎಂದರೆ ಮಾಲೀಕರದು ಒಂದೇ ಮಾತು: "ಅಂಗಡಿ ನಡೆಸೋರು ನೀವು, ನೀವೇ ಮಾಡಿಸ್ಕೊಳ್ಳಿ."

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ತಾವು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಲೀಕರು ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಮಾಲೀಕರ ಹೊಣೆ ಎಂದು ಆ ಕಾಯ್ದೆ ಪಟ್ಟಿ ಮಾಡಿಲ್ಲ. ಅದನ್ನು ಕರಾರು ಪತ್ರವೇ ಹೇಳಬೇಕು. ಜಗಳ ಹುಟ್ಟುವುದೇ ಇಲ್ಲಿ. ನಮ್ಮದು ತಂದೆಯ ಕಾಲದ ಬಾಯಿಮಾತಿನ ಬಾಡಿಗೆ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಪಟ್ಟಿಯೇ ಇದೆ: ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕರಿಗೆ, ನಲ್ಲಿಯ ವಾಷರ್, ಚರಂಡಿ ಸ್ವಚ್ಛತೆ, ಸ್ವಿಚ್ಚು ಬಾಡಿಗೆದಾರರಿಗೆ. ಅದು ರಾಜ್ಯಗಳಿಗೆ ಮಾದರಿಯಷ್ಟೆ, ತಾನಾಗಿ ಜಾರಿಯಾಗದು. ಆದರೂ ಅದನ್ನೇ ನೋಡಿ ಕರಾರು ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಮಳೆಗಾಲಕ್ಕೆ ಮುಂಚೆಯೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ಸೋರುವ ಜಾಗದ ಫೋಟೊ ತೆಗೆದಿಡಿ. ಹೆಂಚಿನ ಬಿಲ್ಲನ್ನೂ ಕೂಲಿಯ ರಸೀದಿಯನ್ನೂ ಜೋಪಾನ ಮಾಡಿ.